ಶಿಕ್ಷೆಗೆ ಮುಂಚಿನ ಮಾತು

ಮೈಮೇಲೆ ಬರುವುದು, ಸತ್ತವರು ಮಾತಾಡುವುದು ಇವೆಲ್ಲ ಕೆಲಸವಿಲ್ಲದವರ ಹರಟೆ ಎಂದೇ ನಾನು ತಿಳಿದಿದ್ದೆ. ಅಂಥ ಕತೆ ಹೇಳುವವರನ್ನು ಕಂಡರೆ ನನಗೆ ಈಗಲೂ ಗೌರವವಿಲ್ಲ. ಆದರೆ ಇದು ನಾನೇ ಕಿವಿಯಾರೆ ಕೇಳಿದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ನಡುವಿನ ಮಾತು. ತಾಲೂಕು ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ನಾನು ಹೊಸದಾಗಿ ಸೇರಿದ್ದೆ. ಅಪರಾಧ ಸಾಬೀತಾದ ಮೇಲೂ, ಶಿಕ್ಷೆ ಹೇಳುವ ಮುನ್ನ ಆರೋಪಿಯ ಮಾತು ಕೇಳಲೇಬೇಕೆಂಬ ಕಾನೂನು ಆಗಷ್ಟೇ ಬಂದಿತ್ತು. ಒಳ್ಳೆಯ ಕಾನೂನೇ. ನಮ್ಮ ಹಿರಿಯರ ಕೈಗೆ ಸಿಕ್ಕು ಅದು ಅಳುವ ನಾಟಕವಾಗಿತ್ತು.

ಅವತ್ತಿನ ಆರೋಪಿ ತಿರ್ಲಾಪುರದ ಕಡೆಯ ಜಮೀನುದಾರ ರುದ್ರಗೌಡ. ಮಧ್ಯಾಹ್ನ ಕುಡಿದು ಟ್ರ್ಯಾಕ್ಟರ್ ಓಡಿಸಿ, ಹೊಲದ ಬದುವಿನ ಮೇಲೆ ಮಲಗಿದ್ದ ಕುರಿ ಕಾಯುವ ಬೀರಪ್ಪನ ಮೇಲೆ ಹಾಯಿಸಿ ಕೊಂದಿದ್ದ. "ದಾರ್ಯಾಗ ಮಲಗಿದ್ರ ನಾ ಏನ್ ಮಾಡ್ಲಿ?" ಎಂದು ವಿಚಾರಣೆಯುದ್ದಕ್ಕೂ ಎಲೆ ಅಡಿಕೆ ಜಗಿದವನು. ಅಪರಾಧ ಸಾಬೀತಾದಾಗ ಹಿರಿಯರು ಅವನ ಕಿವಿಯಲ್ಲಿ, "ಮುದುಕಿ ತಾಯಿ ಅದಾಳ, ಸಣ್ಣ ಮಕ್ಕಳದಾವ ಅನ್ರಿ. ಧ್ವನಿ ಸಣ್ಣ ಮಾಡ್ರಿ" ಎಂದು ಹೇಳಿಕೊಟ್ಟರು. ಅವನ ತಾಯಿ ಸತ್ತು ಎಷ್ಟೋ ವರ್ಷವಾಗಿತ್ತು.

ಶಿಕ್ಷೆಯ ಬಗ್ಗೆ ಏನು ಹೇಳುತ್ತೀ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ರುದ್ರಗೌಡ ಕೈಮುಗಿದು ಬಾಯಿ ತೆರೆದ. ಬಂದದ್ದು ಅವನ ಧ್ವನಿಯಲ್ಲ. ಕೆಮ್ಮು ಬೆರೆತ, ಸೋತ ಧ್ವನಿ.

"ಮಾಳೀ, ಕುಂಟ ಮರಿ ಹಳ್ಳದಾಗ ಉಳದೈತಿ. ಕತ್ತಲಾಗೂದ್ರಾಗ ತಗೊಂಡ ಬಾ."

ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ ಬೀರಪ್ಪನ ಹೆಂಡತಿ ಮಾಳವ್ವ ಎದ್ದು ನಿಂತಳು. "ಅವತ್ತ ತಂದೇನ್ರಿ. ನೀವು ಮಲಕೋರಿ" ಎಂದಳು.

"ಏ, ಸುಮ್ಮ ಕೂಡ ಬೇ!" ಸಿಪಾಯಿ ಗದರಿದ.

ನಾನು ಸುತ್ತ ನೋಡಿದೆ. ಯಾರೂ ಬೆಚ್ಚಿರಲಿಲ್ಲ. ಮ್ಯಾಜಿಸ್ಟ್ರೇಟರು ಕನ್ನಡಕ ಒರೆಸಿಕೊಂಡು, ವಯಸ್ಸಾದ ತಾಯಿಯನ್ನೂ ಎಳೆಯ ಮಕ್ಕಳನ್ನೂ ನೋಡಿ ದಯೆ ತೋರುತ್ತಿದ್ದೇನೆ ಎಂದರು. ಒಂದಿಷ್ಟು ದಂಡ, ಜೊತೆಗೆ ಸಂಜೆ ಕೋರ್ಟು ಮುಗಿದು ಏಳುವತನಕ ಅಲ್ಲೇ ಕೂತಿರುವ ಶಿಕ್ಷೆ. ಒಂದು ಜೀವಕ್ಕೆ ಅಷ್ಟು.

ಸಂಜೆ ಹೊರಬಂದ ಗೌಡ ಮೀಸೆ ತಿರುವಿದ. "ಹೇಳಿಕೊಟ್ಟದ್ದು ಒಂದೂ ಬಿಡಲಿಲ್ಲ ನೋಡ್ರಿ ವಕೀಲ್ರ. ಅಗದಿ ಬರೋಬ್ಬರಿ ಹೇಳಿದ್ನಿಲ್ಲೋ?" ಹಿರಿಯರು ಬೆನ್ನು ತಟ್ಟಿದರು. ಇಬ್ಬರೂ ನಗುತ್ತ ಚಹಾದಂಗಡಿಗೆ ಹೋದರು. ಆ ಜೋಡಿಯನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆ.

ಮಾಳವ್ವ ಬಸ್ಸಿಗೆ ಕಾಯುತ್ತಿದ್ದಳು. "ಒಳಗ ಯಾರ ಜೋಡಿ ಮಾತಾಡಿದಿ ಯವ್ವಾ? ಯಾವ ಕುಂಟ ಮರಿ?" ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ಮರೀ ಸುದ್ದಿ ನಾ ಯಾರ ಮುಂದೂ ಹೇಳಿಲ್ರಿ. ನಿಮಗೂ ಅವರ ದನಿ ಕೇಳಿಸ್ತೇನ್ರಿ?"

ಹೂಂ ಎಂದೆ. ಹೇಗೆ ಕೇಳಿತು, ಉಳಿದವರಿಗೆ ಯಾಕೆ ಕೇಳಲಿಲ್ಲ, ನನಗೆ ಗೊತ್ತಿಲ್ಲ.