ಮಂದಿ ಇಲ್ಲದ ಮೈದಾನದಲ್ಲಿ ಭರಮಪ್ಪನ ಹಲಗಿ

ಭರಮಪ್ಪನ ಅಜ್ಜ ದುರ್ಗಪ್ಪ. ಮುನವಳ್ಳಿಯ ಕುಸ್ತಿ ಕಣದಲ್ಲಿ ಅವನು ತೊಗಲಿನ ಹಲಗಿ ಬಡಿಯುತ್ತ ನಿಂತರೆ ಮಣ್ಣು ಮುಕ್ಕಿದ ಪೈಲ್ವಾನನೂ ಮೈ ಕೊಡವಿಕೊಂಡು ಏಳುತ್ತಿದ್ದ ಎಂದು ನಮ್ಮ ಹಳಬರು ಹೇಳುತ್ತಿದ್ದರು. ಒಮ್ಮೆ ಕಿತ್ತೂರು ಕಡೆಯ ಪೈಲ್ವಾನನಿಗೂ ನಮ್ಮೂರ ಹುಡುಗನಿಗೂ ಜೋಡಿ ಬಿದ್ದಿತ್ತು. ಹೊತ್ತು ಇಳಿದರೂ ಇಬ್ಬರೂ ಜಗ್ಗಲಿಲ್ಲ. ದುರ್ಗಪ್ಪನ ಕೈ ಒಡೆದು ಹಲಗಿಯ ಅಂಚು ಕೆಂಪಾಯಿತು, ಆದರೂ ಅವನು ಬಡಿಯುವುದನ್ನು ಬಿಡಲಿಲ್ಲ. ಕುಸ್ತಿ ಸಮ ಆಯಿತು. ಕಿತ್ತೂರಿನ ಪೈಲ್ವಾನ ಕಣದಿಂದ ಎದ್ದವನೇ ತನ್ನ ರುಮಾಲನ್ನು ಹರಿದು ದುರ್ಗಪ್ಪನ ಕೈಗೆ ಕಟ್ಟಿದ. ಮುಟ್ಟಬಾರದವನ ಕೈ ಎಂದು ನೋಡುತ್ತಿದ್ದ ಕಾಲದಲ್ಲಿ, ನಾಲ್ಕು ಊರಿನ ಮಂದಿಯ ಮುಂದೆ ಕಟ್ಟಿದ.

ದುರ್ಗಪ್ಪನ ಮಗ ಲಕ್ಕಪ್ಪ. ಅಪ್ಪ ಹಲಗಿ ಬಾರಿಸಿ ಹೆಸರಾದರೆ ಮಗ ಅದನ್ನು ಗೂಟಕ್ಕೆ ಹಾಕಿ ಹೆಸರಾದ. ಊರಲ್ಲಿ ಸಾವಾದರೆ, ಡಂಗುರ ಸಾರಬೇಕಾದರೆ, ಓಣಿಯ ತುದಿಯಲ್ಲಿ ನಿಂತು "ಬಾರಸ ಬಾರೋ ಲಕ್ಕ್ಯಾ" ಎಂದು ಕೂಗುವುದು ಆಗಿನ ರೂಢಿ. ಒಂದು ದೊಡ್ಡ ಮನೆಯ ಹಿರಿಯರು ತೀರಿಕೊಂಡ ದಿನ ಆಳು ಬಂದು ಹಾಗೆಯೇ ಕೂಗಿದ. ಲಕ್ಕಪ್ಪ ಬಾಗಿಲಿಗೆ ಬಂದ. "ಹಿರ್ಯಾರು ಹ್ವಾದದ್ದಕ್ಕ ನನಗೂ ಸಂಕಟ ಐತಿ. ಮಣ್ಣಿಗೆ ಬರತೇನಿ. ಎಲ್ಲಾರೂ ಬರೂಹಂಗ ಬರಿಗೈಲೆ ಬರತೇನಿ. ಹೇಳಿದಾಗ ಬಾರಸೂ ಕೈ ಇನ್ನ ಈ ಮನ್ಯಾಗಿಲ್ಲ" ಎಂದ. ಆ ವರ್ಷ ಅವನ ಮನೆಯ ಗೋಡೆಗೆ ಬುದ್ಧನ ಪಟ ಬಂತು. ಊರವರು ಅವನ ಕೈಯಲ್ಲಿ ಚಪ್ಪಲಿ ಹೊಲಿಸುವುದನ್ನು ನಿಲ್ಲಿಸಿದರು. ಲಕ್ಕಪ್ಪ ಗೋಣಿಚೀಲ ಹೆಗಲಿಗೇರಿಸಿ ಯರಗಟ್ಟಿಯ ಸಂತೆಗೆ ನಡೆದುಕೊಂಡು ಹೋಗಿ ಹೊಲಿದು ಬಂದ. ಹಲಗಿಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಮಾರಲೂ ಇಲ್ಲ, ಸುಡಲೂ ಇಲ್ಲ. ಪಟದ ಎದುರಿನ ಗೋಡೆಯಲ್ಲಿ ಅದು ಧೂಳು ತಿನ್ನುತ್ತ ತೂಗಿತು.

ಭರಮಪ್ಪ ಹುಟ್ಟಿದ್ದು ಈ ಮನೆಯಲ್ಲಿ. ಬಸ್ ಸ್ಟ್ಯಾಂಡಿನ ಗೋಡೆಗೆ ಆತು ಅವನೂ ಚಪ್ಪಲಿ ಹೊಲಿಯುತ್ತ ಕೂತ. ಆದರೆ ಅವನ ಮುಂದೆ ಚಪ್ಪಲಿಗಳ ಜೊತೆ ಇನ್ನೊಂದು ವಸ್ತು ಬರುತ್ತಿತ್ತು: ಫುಟ್‌ಬಾಲು.

ನಮ್ಮೂರಿಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ಬೈಲಹೊಂಗಲದವರು ಈಗಲೂ ನಗುತ್ತಾರೆ. ಅಣೆಕಟ್ಟಿನ ಕೆಲಸಕ್ಕೆ ಬಂದ ಪರಊರಿನವರು ಸಂಜೆ ಹೊತ್ತು ಆಡುತ್ತಿದ್ದರಂತೆ. ನೋಡನೋಡುತ್ತ ನಮ್ಮ ಹುಡುಗರಿಗೂ ಕಾಲು ಕಡಿಯತೊಡಗಿತು. ದನದ ಪ್ಯಾಟಿಯ ಹಿಂದಿನ ಬಯಲಿನಲ್ಲಿ ಪೈಪು ನೆಟ್ಟು ಗೋಲು ಮಾಡಿದರು, ಹೊಳಿದಂಡಿ ಫುಟ್‌ಬಾಲ್ ಕ್ಲಬ್ ಎಂದು ಹೆಸರಿಟ್ಟರು. ಬಯಲಿನ ಹರಳು ಚೆಂಡಿನ ಹೊಲಿಗೆಯನ್ನು ಕಡಿಯುತ್ತಿತ್ತು, ಭರಮಪ್ಪ ಹೊಲಿಯುತ್ತಿದ್ದ.

ಒಂದು ರವಿವಾರ ಹೊಲಿದ ಚೆಂಡನ್ನು ಕೊಡಲು ಭರಮಪ್ಪ ತಾನೇ ಮೈದಾನಕ್ಕೆ ಹೋದ. ದೊಡವಾಡದ ತಂಡ ಬಂದಿತ್ತು. ಬೇವಿನ ಮರಗಳ ನೆರಳಿನಲ್ಲಿ ನಮ್ಮವರು ಇರುವೆ ಮುತ್ತಿದಂತೆ ಮುತ್ತಿದ್ದರು. ನಮ್ಮ ತಂಡ ಸೋಲುತ್ತಿತ್ತು. ಮಂದಿ ಕೂಗಿದ ಹಾಗೆ ಅವನ ಬೆರಳು ತೊಡೆಯ ಮೇಲೆ ಆಡತೊಡಗಿದವು. ತಡೆಯಲಾಗಲಿಲ್ಲ. ಮನೆಗೆ ಓಡಿ ಗೂಟದಿಂದ ಹಲಗಿ ಇಳಿಸಿದ. ಕಟ್ಟೆಯ ಮೇಲೆ ಕೂತಿದ್ದ ಲಕ್ಕಪ್ಪ ಕೇಳಿದ, "ಯಾರು ಕರದ್ರೋ?"

"ಯಾರೂ ಕರದಿಲ್ಲಪಾ. ನನಗ ತಡ್ಯಾಕ ಆಗವಲ್ದು."

ಲಕ್ಕಪ್ಪ ಕಟ್ಟೆಯ ಮೇಲೆ ಕಾಲು ಸರಿಸಿ ದಾರಿ ಬಿಟ್ಟ. "ಹಂಗಾರ ಒಯ್ಯಿ" ಎಂದ.

ಒಣಹುಲ್ಲಿನ ಬೆಂಕಿಗೆ ಹಲಗಿ ಹಿಡಿದು, ತೊಗಲು ಬಿಗಿದು ಟಣ್ ಎನ್ನುವ ತನಕ ಕಾಸಿ, ಭರಮಪ್ಪ ಆ ದಿನ, ಸಣ್ಣವನಿದ್ದಾಗ ಅಜ್ಜ ಬಾಯಲ್ಲೇ ಕಲಿಸಿದ್ದ ಕುಸ್ತಿ ಪೆಟ್ಟನ್ನು ಫುಟ್‌ಬಾಲಿಗೆ ಹೊಂದಿಸಿದ. ಗೆದ್ದೆವೋ ಸೋತೆವೋ ಈಗ ಯಾರಿಗೂ ನೆನಪಿಲ್ಲ, ಹಲಗಿ ನೆನಪಿದೆ. ಅಲ್ಲಿಂದ ಮುಂದೆ ನಮ್ಮ ಮೈದಾನದ ಆಟವೆಂದರೆ ಭರಮಪ್ಪನ ಹಲಗಿ ಇರಲೇಬೇಕು. ಕ್ಲಬ್ಬಿನವರು ಕೂಲಿ ಕೊಡಲು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದ. ಆಟಗಾರರು 'ಶುರು ಮಾಡು' ಎಂದು ಸನ್ನೆ ಮಾಡಿದರೆ ಕಾಣದವನಂತೆ ಇರುತ್ತಿದ್ದ. ಮಂದಿ ಕೂಗಬೇಕು, ಆ ಕೂಗಿಗೆ ಹಲಗಿ ಓಗೊಡಬೇಕು. ಆಗ ಮಂದಿ ಇನ್ನಷ್ಟು ಕೂಗಬೇಕು. ಮಂದಿಯಲ್ಲಿ ಮೊದಲ ಬಾಯಿ ಚಹಾದಂಗಡಿಯ ಗಂಗಪ್ಪನದು. ಅವನು ಒಮ್ಮೆ 'ಹೋಯ್' ಎಂದರೆ ಪ್ಯಾಟಿಯ ಎತ್ತು ಗೂಟ ಕಿತ್ತುಕೊಳ್ಳುತ್ತಿದ್ದವು. ಇಬ್ಬರೂ ಒಂದೇ ವಾರಗೆಯವರು.

"ಲೇ ಭರಮ್ಯಾ, ನಿನ್ನ ಹಲಗಿಗಿಂತ ನನ್ನ ಗಂಟಲ ಗಟ್ಟಿ ಐತಿ ನೋಡಲೇ!"

"ಹೌದಪಾ, ನಿನ್ನ ಗಂಟಲಕ್ಕ ತೊಗಲ ಹಚ್ಚಿದಾವ ನಾನ ಅಲ್ಲೇನು!"

ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಚುರಮರಿ ಮಾರುವ ಚನ್ನವ್ವ ನಗುತ್ತ ಲೆಕ್ಕ ತಪ್ಪುತ್ತಿದ್ದಳು.

ಹಾಗೆ ಅನೇಕ ವರ್ಷ ನಡೆಯಿತು. ಆಮೇಲೆ ಭರಮಪ್ಪನ ಕಣ್ಣು ಮಬ್ಬಾಗತೊಡಗಿದವು. ಹಲಗಿ ಕಾಸುವ ಹೊಗೆಯಿಂದ ಎಂದುಕೊಂಡ. ಸೂಜಿಗೆ ದಾರ ಪೋಣಿಸುವ ಕೆಲಸ ಹೆಂಡತಿ ಕೆಂಪವ್ವನದಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರು, ಕಣ್ಣಿನ ಒಳಗೆ ಒತ್ತಡ ಹೆಚ್ಚಿ ನರ ಸತ್ತಿವೆ, ಬಹಳ ತಡ ಮಾಡಿ ಬಂದಿರಿ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಊರಲ್ಲಿ ಕೇಳಿದವರಿಗೆ ಭರಮಪ್ಪ "ಸ್ವಲ್ಪ ಮಬ್ಬ ಐತಿ" ಎನ್ನುತ್ತಿದ್ದ. ಪೂರ್ತಿ ಕತ್ತಲೆ ಎಂಬುದು ಕೆಂಪವ್ವನಿಗೊಬ್ಬಳಿಗೇ ಗೊತ್ತು. ಹುಟ್ಟಿದ ಊರಿನ ದಾರಿ ಅವನ ಕಾಲಿಗೆ ಬಾಯಿಪಾಠವಿತ್ತು. ಉಳಿದದ್ದಕ್ಕೆ ಕೆಂಪವ್ವ ತನ್ನ ಮೊಳಕಾಲು ನೋವಿನ ನೆವ ಮಾಡಿ ಗಂಡನ ತೋಳು ಹಿಡಿದು ನಡೆಯುತ್ತಿದ್ದಳು.

ಹೊಲಿಗೆ ಬಿಟ್ಟಿತು, ಆದರೆ ಆಟ ಬಿಡಲಿಲ್ಲ. ಯಾಕೆಂದರೆ ಬೇವಿನ ಮರದ ಕೆಳಗೆ ತನ್ನ ಕಲ್ಲಿನ ಮೇಲೆ ಕೂತರೆ ಭರಮಪ್ಪನಿಗೆ ಆಟ ಕಾಣುತ್ತಿತ್ತು. ಚೆಂಡು ನಮ್ಮವರ ಕಾಲಿಗೆ ಬಂದರೆ ನೆರಳಿನಲ್ಲಿ ಗುಜುಗುಜು ಏಳುತ್ತದೆ. ಗೋಲಿನ ಕಡೆ ಹೊರಟರೆ ಚಪ್ಪಲಿ ತಿಕ್ಕುವ ಸಪ್ಪಳ, ಮಂದಿ ಮೊಳಕಾಲೂರಿ ಏಳುತ್ತಿದ್ದಾರೆ. ತಪ್ಪಿದರೆ ಎಲ್ಲರ ಎದೆಯಿಂದ ಒಂದೇ ಉಸಿರು. ಎದುರಿನವರು ಗೋಲು ಹೊಡೆದರೆ ಕೂಗು ಪಡುವಣ ಕಡೆಯಿಂದ, ಪ್ಯಾಟಿಯ ಗೋಡೆಯ ಬುಡದಿಂದ ಬರುತ್ತದೆ. ಪರಊರವರು ಬಿಸಿಲಿನ ಗೋಡೆಗೆ, ನಮ್ಮವರು ಬೇವಿನ ನೆರಳಿಗೆ: ಮೊದಲಿನಿಂದ ಬಂದ ಕಟ್ಟಳೆ ಅದು. ಮನೆಗೆ ಹೋದ ಮೇಲೆ ಭರಮಪ್ಪ ಕೆಂಪವ್ವನಿಗೆ ಆಟವನ್ನು ಮೊದಲಿನಿಂದ ಕೊನೆಯ ತನಕ ಹೇಳುತ್ತಿದ್ದ. ಕಣ್ಣಿದ್ದ ನಾವು ಕೂಡ ಅಷ್ಟು ಹೇಳಲಾರೆವು.

ಈಚಿನ ಎರಡು ಮೂರು ವರ್ಷಗಳಲ್ಲಿ ಆ ನೆರಳು ಖಾಲಿಯಾಯಿತು. ಕ್ಲಬ್ಬಿನ ಸೆಕ್ರೆಟರಿ ಮಹಾಂತಪ್ಪ, ಬೀಜ-ಗೊಬ್ಬರದ ಅಂಗಡಿಯವನು, ವಯಸ್ಸಿನಲ್ಲಿ ಸಣ್ಣವನು, ಕ್ಲಬ್ಬಿಗಾಗಿ ಜೀವ ಬಿಡುವ ಮನುಷ್ಯ. ಆಟ ಹತ್ತೂರಿಗೆ ಮುಟ್ಟಲಿ ಎಂದು ಕಂಬಕ್ಕೆ ಮೊಬೈಲು ಕಟ್ಟಿ ಲೈವ್ ಬಿಡತೊಡಗಿದ. ಹತ್ತೂರಿಗೆ ಮುಟ್ಟಿತು, ಸ್ವಂತ ಊರು ಮೈದಾನ ಬಿಟ್ಟಿತು. ಗಂಗಪ್ಪ ಕೂಡ ತನ್ನ ಅಂಗಡಿಯ ಸಕ್ಕರೆ ಡಬ್ಬಿಗೆ ಮೊಬೈಲು ಆನಿಸಿ, ಫ್ಯಾನಿನ ಕೆಳಗೆ ಕೂತು ನೋಡಲು ಕಲಿತ. ಚನ್ನವ್ವ ಬುಟ್ಟಿ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು.

"ನೂರಾರು ಮಂದಿ ನೋಡಾಕತ್ತಾರ್ರಿ ಭರಮಣ್ಣಾರ" ಎಂದು ಮಹಾಂತಪ್ಪ ಹಿಗ್ಗಿನಿಂದ ಹೇಳಿದ್ದ.

"ನೋಡ್ಲಿ ಬಿಡ್ರಿ. ಒಬ್ಬರ ದನಿನೂ ಬರವಲ್ದಲ್ರೀ" ಎಂದಿದ್ದ ಭರಮಪ್ಪ.

ಅವನ ಪಾಲಿಗೆ ದೀಪ ಒಂದೊಂದೇ ಆರಿದಂತಾಯಿತು. ಚೆಂಡಿಗೆ ಕಾಲು ತಗಲುವ ಸಪ್ಪಳ ಕೇಳುತ್ತದೆ. ಯಾರ ಕಾಲು, ಯಾವ ಕಡೆ, ಗೊತ್ತಾಗುವುದಿಲ್ಲ. ರೆಫರಿಯ ಸೀಟಿ ಕೇಳುತ್ತದೆ. ಯಾರ ತಪ್ಪು, ಗೊತ್ತಾಗುವುದಿಲ್ಲ. ಹಲಗಿ ಕಾಸಿಕೊಂಡು ಕೂತಿರುತ್ತಿದ್ದ, ಅದು ಅವನ ತೊಡೆಯ ಮೇಲೆಯೇ ತಣ್ಣಗಾಗುತ್ತಿತ್ತು. ಮನೆಗೆ ಬಂದು ಕೆಂಪವ್ವ ಕೇಳಿದರೆ, "ಆಡಿದ್ರು" ಎಂದಷ್ಟೇ ಹೇಳುತ್ತಿದ್ದ.

ಜೋಳದ ಸುಗ್ಗಿ ಮುಗಿದ ಮೇಲೆ ರಾಮದುರ್ಗದ ತಂಡ ಬಂತು. ಅದರ ಹಿಂದೆ ಒಂದು ಟೆಂಪೊ ತುಂಬ ಹುಡುಗರು. ನೆರಳು ಬರಿದಾಗಿ ಬಿದ್ದಿರುವಾಗ ಬಿಸಿಲಿನ ಗೋಡೆಗೆ ಯಾರು ಕೂರುತ್ತಾರೆ? "ಇಲ್ಲೆ ಕುಂತ್ರ ನಡೀತೈತೇನ್ರಿ?" ಎಂದು ಒಬ್ಬ ಕೇಳಿದ. ಮಹಾಂತಪ್ಪ ಕಂಬಕ್ಕೆ ಮೊಬೈಲು ಕಟ್ಟುವ ಗಡಿಬಿಡಿಯಲ್ಲಿ ತಿರುಗಿ ನೋಡದೆ ಕೈ ಬೀಸಿದ. ಹುಡುಗರು ಬೇವಿನ ನೆರಳನ್ನು ತುಂಬಿದರು.

ಕೆಂಪವ್ವ ಗಂಡನನ್ನು ಕರೆದುಕೊಂಡು ಪ್ಯಾಟಿಯ ಮೂಲೆಗೆ ಬಂದಾಗ ಭರಮಪ್ಪ ಗಕ್ಕನೆ ನಿಂತ. ಗದ್ದಲ ಕೇಳಿಸಿತು.

"ಕೆಂಪಿ, ಮಂದಿ ಬಂದಾರ!" ಎಂದ. "ಕೇಳಿಸ್ತಿಲ್ಲೊ? ನಮ್ಮ ಮಂದಿ ಬಂದಾರ! ನೀ ಹೋಗಿನ್ನ ಮನೀಗೆ."

"ಕಲ್ಲಿನ ತನಾ ಬರತೇನ್ರಿ."

"ಬ್ಯಾಡ. ಇವತ್ತ ದಾರಿ ಕಾಣತೈತಿ ನನಗ."

ಅವಳು ಅಲ್ಲಿಂದಲೇ ತಿರುಗಿದಳು. ಭರಮಪ್ಪ ಗದ್ದಲದ ಕಡೆ ನೆಟ್ಟಗೆ ನಡೆದ. "ಬಾ ಅಜ್ಜಾ, ಕುಂದರು" ಎಂದು ಹುಡುಗರು ಕಲ್ಲಿನ ಮೇಲೆ ಜಾಗ ಬಿಟ್ಟರು. ಗುರುತಿನ ದನಿ ಒಂದೂ ಇಲ್ಲ. ಮೊಬೈಲು ಬಿಟ್ಟು ಹೊಸ ಪೀಳಿಗೆ ಮೈದಾನಕ್ಕೆ ಬಂದಿದೆ ಎಂದು ಅವನು ಹಿಗ್ಗಿದ. ರಾಮದುರ್ಗವಾದರೂ ಮಾತು ನಮ್ಮದೇ ಮಾತು, ಅದರಲ್ಲಿ ಭೇದ ಎಲ್ಲಿ ತಿಳಿಯಬೇಕು? ಒಣಹುಲ್ಲು ಕೂಡಿಸಿ ಕಡ್ಡಿ ಕೊರೆದ. ಹಲಗಿ ಕಾಸಿ ಒಂದು ಪೆಟ್ಟು ಹಾಕಿದ. ಹುಡುಗರು ಕೇಕೆ ಹೊಡೆದರು. ಅವರು ಕೂಗಿದರು, ಹಲಗಿ ಓಗೊಟ್ಟಿತು. ಅವರು ಇನ್ನಷ್ಟು ಕೂಗಿದರು. ವರ್ಷಗಳಿಂದ ಕತ್ತಲಾಗಿದ್ದ ಮೈದಾನ ಭರಮಪ್ಪನ ಮುಂದೆ ಬೆಳ್ಳಗೆ ತೆರೆದುಕೊಂಡಿತು. ಗುಜುಗುಜು ಎದ್ದಿತು. ಚಪ್ಪಲಿ ತಿಕ್ಕಿದವು. ನೆರಳೆಲ್ಲ ಎದ್ದು ನಿಂತು ಆರ್ಭಟಿಸಿತು.

ಗೋಲು!

ಭರಮಪ್ಪ ಕಲ್ಲಿನಿಂದ ಜಿಗಿದು ನಿಂತ. ಆ ವಯಸ್ಸಿನಲ್ಲಿ ಕುಣಿಯುತ್ತ, ಗೆದ್ದ ಪೈಲ್ವಾನನಿಗೆ ಅಜ್ಜ ಬಾರಿಸುತ್ತಿದ್ದ ಪೆಟ್ಟನ್ನು ಬಾರಿಸಿದ. ನಮ್ಮ ಆಟಗಾರರು ನಿಂತಲ್ಲೇ ನಿಂತು ತಿರುಗಿ ನೋಡಿದರು. ನಮ್ಮ ಗೋಲು ಕಾಯುವ ಹುಡುಗ ಬಲೆಯಿಂದ ಚೆಂಡು ಎತ್ತಿಕೊಳ್ಳುತ್ತ ಒದರಿದ:

"ಏ ಭರಮಜ್ಜಾ! ಯಾರ ಗೋಲಿಗೆ ಬಾರಸಾಕತ್ತೀಯೋ?"

ಸುತ್ತಲಿನ ಹುಡುಗರು ಗೊಳ್ಳೆಂದರು. "ನಮ್ಮ ರಾಮದುರ್ಗಕ್ಕ ಬಂದುಬಿಡಜ್ಜಾ, ನಿಮ್ಮೂರಾಗ ಯಾರ ಅದಾರ ಕೇಳಾಕ!" ಎಂದ ಒಬ್ಬ. ಇನ್ನೊಬ್ಬ ಖುಷಿಯಿಂದ ಅವನ ರುಮಾಲಿನ ಮಡಿಕೆಗೆ ಒಂದು ನೋಟು ಸಿಕ್ಕಿಸಿದ. ಹಲಗಿಯವನಿಗೆ ಖುಷಿಯ ದುಡ್ಡು ಕೊಡುವುದು ಪದ್ಧತಿ. ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಭರಮಪ್ಪನ ಕೈ ನಿಂತಿತು. ನೋಟನ್ನು ತಡವಿ ತೆಗೆದ. "ತಗೋಪಾ, ನಾ ತಗೊಳ್ಳಾಂಗಿಲ್ಲ" ಎಂದು ಕೈ ಚಾಚಿದ. ಅವನು ಚಾಚಿದ ಕಡೆ ಯಾರೂ ಇರಲಿಲ್ಲ. ಕೊಟ್ಟ ಹುಡುಗ ಅವನ ಬೆನ್ನಿನ ಹಿಂದೆ ನಿಂತಿದ್ದ. ಭರಮಪ್ಪ ಖಾಲಿ ಗಾಳಿಗೆ ನೋಟು ಹಿಡಿದು "ತಗೋಪಾ, ತಗೋ" ಎನ್ನುತ್ತಲೇ ಇದ್ದ. ನಗು ಒಮ್ಮೆಲೇ ಅಡಗಿತು. ಕಂಬದ ಬಳಿ ನಿಂತಿದ್ದ ಮಹಾಂತಪ್ಪನಿಗೂ ಆಗ ತಿಳಿಯಿತು. ಅವನು ಬಿಟ್ಟ ಲೈವಿನಲ್ಲಿ, ತನ್ನ ಚಹಾದಂಗಡಿಯಲ್ಲಿ ಕೂತಿದ್ದ ಗಂಗಪ್ಪನೂ ಅದನ್ನು ನೋಡಿದ.

ಮರುದಿನ ಮುಂಜಾನೆ ಇಬ್ಬರೂ ಭರಮಪ್ಪನ ಮನೆಗೆ ಬಂದರು. ಕೆಂಪವ್ವ ಚಾಪೆ ಹಾಸಿ ಚಹಾ ಕೊಟ್ಟಳು. ಹಲಗಿ ಮತ್ತೆ ಗೂಟದಲ್ಲಿತ್ತು. ಗಂಗಪ್ಪ ಭರಮಪ್ಪನ ಎದುರಿಗೆ ಕೂತ.

"ಲೇ ಭರಮ್ಯಾ, ನನಗರೆ ಹೇಳಬಾರದೇನಲೇ?"

"ಹೇಳಿದ್ರ ಏನ ಮಾಡತಿದ್ದಿ? ಮೊಬೈಲ್ನ ನನ್ನ ಕಿವಿಗೆ ಹಿಡೀತಿದ್ದಿ ಏನು?"

ಗಂಗಪ್ಪ ನಗಲು ನೋಡಿದ, ಆಗಲಿಲ್ಲ. "ಮುಂದಿನ ಆಟಕ್ಕ ನಾ ಬರತೇನಿ. ನಿನ್ನ ಸಲುವಾಗಿ ಬರತೇನಲೇ."

"ಆಟದ ಸಲುವಾಗಿ ಬಾ. ನನ್ನ ಸಲುವಾಗಿ ಬಂದ್ರ ನಿನ್ನ ಕೂಗಿನ್ಯಾಗ ಆಟ ಇರಾಂಗಿಲ್ಲ, ಬರೇ ನನ್ನ ಕಣ್ಣ ಇರತಾವು."

ಮಹಾಂತಪ್ಪ ಚಹಾ ಮುಟ್ಟಿರಲಿಲ್ಲ. "ಭರಮಣ್ಣಾರ, ಒಂದ ಮಾತ ಕೇಳ್ರಿ. ಹಲಗಿ ಬಿಡಬ್ಯಾಡ್ರಿ. ಮೊಬೈಲ್ ಯಾರಿಗರೆ ವಹಿಸತೇನಿ, ನಾನ ನಿಮ್ಮ ಬಾಜೂಕ ಕುಂದರತೇನಿ. ನಮ್ಮವರು ಗೋಲ್ ಹೊಡದ್ರಂದ್ರ ನಿಮ್ಮ ಭುಜಾ ಮುಟ್ಟತೇನಿ. ಮುಟ್ಟಿದಾಗ ನೀವು ಬಾರಸ್ರಿ. ಯಾರಿಗೂ ಗೊತ್ತಾಗಾಂಗಿಲ್ಲ."

ಕೆಂಪವ್ವ ಬಾಗಿಲಿಗೆ ಬಂದು ನಿಂತಳು. "ಹೂಂ ಅನ್ರಿ" ಎಂದಳು ಸಣ್ಣ ದನಿಯಲ್ಲಿ. "ಅಷ್ಟು ದೊಡ್ಡವರು ಬಂದು ಕೇಳಾಕತ್ತಾರ."

ಭರಮಪ್ಪ ಮುಖವನ್ನು ಹಲಗಿ ತೂಗುವ ಗೋಡೆಯ ಕಡೆ ತಿರುಗಿಸಿದ. ಆಮೇಲೆ ಕೈ ಚಾಚಿ, ಈ ಸಲ ತಪ್ಪದೆ, ಮಹಾಂತಪ್ಪನ ಕೈ ಹಿಡಿದುಕೊಂಡ.

"ನಿಮ್ಮ ಮನಸ ದೊಡ್ಡದೈತಿ ಮಾಂತಪ್ಪಾರ, ಅದು ನನಗ ಕಾಣತೈತಿ. ಆದ್ರ ನಮ್ಮಪ್ಪ ಆ ಗೂಟಕ್ಕ ಹಲಗಿ ಹಾಕಿದ್ದು, ಒಬ್ಬರು ಹೇಳೂದು ಇನ್ನೊಬ್ಬರು ಬಾರಸೂದು ನಿಲ್ಲಲಿ ಅಂತ. ಅವರು ಓಣಿ ತುದೀಗೆ ನಿಂತು ಒದರತಿದ್ರು, ನೀವು ಬಾಜೂಕ ಕುಂತು ಪ್ರೀತಿಲೆ ಭುಜಾ ಮುಟ್ಟತೀರಿ. ಆದ್ರ ನನ್ನ ಕೈಗೆ ಎರಡೂ ಒಂದ ಆಗತಾವ್ರಿ. ಊರು ಕೂಗಿದ್ರ ಈ ಕೈ ತಾನ ಏಳತೈತಿ, ಯಾರೂ ಎಬ್ಬಸೂದು ಬ್ಯಾಡ. ಕೂಗಲಿಲ್ಲಂದ್ರ ಮಲಗಿರಲಿ ಬಿಡ್ರಿ. ಚಹಾ ಕುಡೀರಿ, ಆರಾಕತ್ತೈತಿ. ಬಾಜೂಕ ಯಾರೂ ಕುಂದ್ರೂದು ಬ್ಯಾಡ್ರಿ."