ಹರಕೆ ಹುಂಜದ ಕಿತ್ತಳೆ ನೀರು

ಸುಂಕದಕಟ್ಟೆಯ ಬೋರಮ್ಮ ಒಂದು ಹುಂಜವನ್ನು ಉಳಿಸಲು ಪಟ್ಟ ಪಾಡು ಕೇಳಿದರೆ ನಗು ಬರುತ್ತದೆ. ಏಕೆಂದರೆ ಅವಳು ಅದನ್ನು ಉಳಿಸಬೇಕಾಗಿದ್ದದ್ದು ಕೊಯ್ಯುವುದಕ್ಕೆ. ಸೊಸೆ ಲತಾಳ ಹೆರಿಗೆ ಸುಸೂತ್ರವಾದರೆ ಮನೆಯ ಕೆಂಪು ಹುಂಜವನ್ನು ಒಪ್ಪಿಸುತ್ತೇನೆಂದು ಪಟಾಲಮ್ಮನಿಗೆ ಹರಕೆ ಹೊತ್ತಿದ್ದಳು. ಹೆರಿಗೆಯಾಯಿತು, ಮೊಮ್ಮಗಳು ಬೀದಿಗೆಲ್ಲ ಕೇಳುವಂತೆ ಅತ್ತಳು. ಇನ್ನು ಅಮ್ಮನ ಹಬ್ಬದವರೆಗೆ ಹುಂಜ ಬದುಕಿರಬೇಕು, ಅದೂ ಲಕ್ಷಣವಾಗಿ. ನಡುವೆ ಸತ್ತರೆ ದೇವರಿಗೆ ಮಾತು ತಪ್ಪಿದಂತೆ.

ಹಿಂದೆಲ್ಲ ಬೋರಮ್ಮನ ಕೋಳಿಗಳು ಹೊಲದಲ್ಲಿ ಕೆದಕಿಕೊಂಡಿರುತ್ತಿದ್ದವು. ಹೊಲದ ತುಂಬ ಈಗ ಬಾಡಿಗೆ ಮನೆಗಳೆದ್ದು, ಕೋಳಿಗಳಿಗೆ ತಾರಸಿಗೆ ಬಡ್ತಿ ಸಿಕ್ಕಿದೆ. ಮೇಲೆ ಏಪ್ರಿಲ್ ಬಿಸಿಲು, ಪಕ್ಕದ ಕಟ್ಟಡದಲ್ಲಿ ದಿನವಿಡೀ ಗ್ರಾನೈಟ್ ಕೊಯ್ಯುವ ಯಂತ್ರದ ಅರಚಾಟ. ಹುಂಜ ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಡತೊಡಗಿತು. ಕೂಗುವುದನ್ನೂ ಬಿಟ್ಟಿತು.

"ಬೇರೆ ಹುಂಜ ತಂದ್ರಾಯ್ತಲ್ವಾ ಅತ್ತೆ?" ಎಂದಳು ಲತಾ.

"ಕೈ ತೋರಿಸಿ ಹೇಳಿದೀನಿ ಕಣೇ, ಇವನ್ನೇ ಕೊಡ್ತೀನಿ ಅಂತ. ದೇವರ ಹತ್ರ ಎಕ್ಸ್‌ಚೇಂಜ್ ಆಫರ್ ಇರಲ್ಲ!"

ಮಾಗಡಿ ರಸ್ತೆಯಲ್ಲಿ ದನ, ಕೋಳಿಗಳ ಔಷಧಿ ಮಾರುವ ರೇವಣಸಿದ್ದ ಬಾಗಲಕೋಟೆ ಕಡೆಯವನು. ಅವನು ಒಂದು ಪುಡಿಯ ಪೊಟ್ಟಣ ಕೊಟ್ಟ. "ಇದು ಔಷಧ ಅಲ್ರೀ ಅಮ್ಮ. ಎಲೆಕ್ಟ್ರೋಲೈಟು, ವಿಟಮಿನ್ನು. ಬಳಲಿದ ಜೀವಕ್ಕ ಆಸರಾ ಅಷ್ಟ. ಮೊದಲ ನೆಳ್ಳು ಮಾಡ್ರಿ, ಮೈಮ್ಯಾಲೆ ನೀರು ಚಿಮುಕಿಸ್ರಿ. ಲೀಟರ್ ನೀರಿಗೆ ಈ ಚಮಚದಾಗ ಒಂದ ಒಂದು, ದಿನಾ ಹೊಸಾದು ಕಲಸ್ರಿ."

ಅಳತೆಗೂ ಬೋರಮ್ಮನಿಗೂ ಎಣ್ಣೆ ಸೀಗೇಕಾಯಿ. ಸಾರಿಗೆ ಉಪ್ಪು ಹಾಕಿದ ಮೇಲೂ 'ಇರಲಿ' ಎಂದು ಇನ್ನೊಂದು ಚಿಟಿಕೆ ಹಾಕುವ ಕೈ ಅದು. ಪುಡಿಗೂ ಅದೇ ಧಾರಾಳ. ನೀರು ಗಾಢ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹುಂಜ ಒಮ್ಮೆ ಕೊಕ್ಕು ಅದ್ದಿ ಬೆನ್ನು ತಿರುಗಿಸಿತು. ಬೋರಮ್ಮ ತಾನೇ ಒಂದು ಗುಟುಕು ಕುಡಿದು "ಥೂ!" ಎಂದು ಮುಖ ಕಿವುಚಿದಳು. ಅದನ್ನು ಚೆಲ್ಲಿ, ಜನ್ಮದಲ್ಲಿ ಮೊದಲ ಬಾರಿಗೆ ಚಮಚ ಹಿಡಿದು ಅಳೆದಳು.

ಈ ಸಲ ಹುಂಜ ಕುಡಿಯಿತು. ಅವಳು ಹಳೆ ಸೀರೆಗಳನ್ನು ಚಪ್ಪರದಂತೆ ಕಟ್ಟಿದಳು. ಇಸ್ತ್ರಿಗೆ ಇಟ್ಟಿದ್ದ ಸ್ಪ್ರೇ ಬಾಟ್ಲಿ ತಂದು ಹೊತ್ತು ಹೊತ್ತಿಗೆ ಹುಂಜದ ಮೇಲೆ ನೀರು ಹಾರಿಸಿದಳು. ಕೆಲವೇ ದಿನಗಳಲ್ಲಿ ಅದರ ಜುಟ್ಟು ಕೆಂಪೇರಿತು, ಮತ್ತೆ ಕೂಗು ಎದ್ದಿತು. ಬಾಟ್ಲಿ ಕಂಡರೆ ತಾನೇ ಓಡಿ ಬಂದು ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಅಲ್ಲಿಗೆ ಬೋರಮ್ಮ ಕೆಟ್ಟಳು. ಹಬ್ಬ ಹತ್ತಿರ ಬಂದಂತೆ ಅವಳು ಇಬ್ಬಂದಿಗೆ ಸಿಕ್ಕಿಕೊಂಡಳು. ಕೊಡದಿದ್ದರೆ ಮೊಮ್ಮಗಳಿಗೆ ಏನಾದರೂ ಆದೀತೆಂಬ ಭಯ, ಕೊಟ್ಟರೆ ಈ ಪ್ರಾಣ ಹೋಗುತ್ತದಲ್ಲ ಎಂಬ ಸಂಕಟ.

ಹಬ್ಬದ ದಿನ ಹುಂಜವನ್ನು ಗುಡಿಯ ಮುಂದೆ ನಿಲ್ಲಿಸಿದರು. ತೀರ್ಥ ಚಿಮುಕಿಸಿದಾಗ ಅದು ಮೈ ಕೊಡವಿದರೆ ಅಮ್ಮ ಒಪ್ಪಿದಳೆಂದು ಲೆಕ್ಕ. ಆಮೇಲೆ ಮನೆಗೆ ತಂದು ಕೊಯ್ಯುವುದು ಪದ್ಧತಿ. ಪೂಜಾರಿ ನೀರು ಚಿಮುಕಿಸಿದರು. ಹುಂಜ ಕಣ್ಣು ಮುಚ್ಚಿತು. ಮತ್ತೆ ಚಿಮುಕಿಸಿದರು. ಅದು ಸುಖವಾಗಿ ರೆಕ್ಕೆ ಸಡಿಲಿಸಿ, ಇನ್ನಷ್ಟು ಬರಲಿ ಎಂಬಂತೆ ನಿಂತಿತು. ಚೊಂಬು ಖಾಲಿಯಾದರೂ ಒಂದು ಗರಿ ಅಲುಗಲಿಲ್ಲ.

"ಅತ್ತೆ, ನೀವು ದಿನಾ ಸ್ಪ್ರೇ..." ಎಂದು ಲತಾ ಪಿಸುಗುಟ್ಟಿದಳು. ಬೋರಮ್ಮ ಅವಳ ತೊಡೆ ಚಿವುಟಿದಳು.

"ಅಮ್ಮಂಗೆ ಬೇಡವಂತೆ. ಕಾಯಿ ಒಡೆಸಿ, ಇವನ್ನ ಕರ್ಕೊಂಡು ಹೋಗಿ," ಎಂದರು ಪೂಜಾರಿ.

ಬೋರಮ್ಮ ನೆಲಕ್ಕೆ ಹಣೆ ಹಚ್ಚಿದಳು. "ಬೇಕಂತ ಮಾಡಿದ್ದಲ್ಲ ಕಣವ್ವ, ನಿಂಗೇ ಗೊತ್ತಲ್ಲ," ಎಂದು ಸೆರಗು ಬಾಯಿಗಿಟ್ಟು ಅತ್ತಳು. ಅತ್ತದ್ದು ಸಂತೋಷಕ್ಕೆ ಎಂಬುದನ್ನು ದೇವಿಯಿಂದ ಮುಚ್ಚಿಡಲೂ ಹೋಗಲಿಲ್ಲ.

ಆಟೋ ಹತ್ತಿ, ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳು ಡ್ರೈವರನ ಭುಜ ತಟ್ಟಿದಳು.

"ಆ ಕಡೆ ಪರದೆ ಇಳಿಸಪ್ಪ, ನಮ್ ಹುಡುಗನಿಗೆ ಬಿಸಿಲು ಹೊಡೀತಿದೆ."