ಉಡಿದಾರದ ಕೆಳಗಿನ ಗುಳಿ

ಯಲಹಂಕದ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಎಂಆರ್‌ಐ ಮಾಡೋದು ನನ್ನ ಕೆಲಸ. ಮೈಮೇಲೆ ಚೂರು ಲೋಹ ಇದ್ದರೂ ಒಳಗೆ ಬಿಡಲ್ಲ. ಅವತ್ತು ಮಾಕಳಿಯಿಂದ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗಳನ್ನ ಹೊತ್ತು ತಂದಿದ್ದರು. ಮೂರು ದಿನದಿಂದ ಜ್ವರ, ಬೆಳಗ್ಗೆಯಿಂದ ಮಗು ಕಾಲೂರುತ್ತಿಲ್ಲ. ಸೊಂಟದಲ್ಲಿ ತಾಮ್ರದ ತಾಯತ ಕಟ್ಟಿದ ದಪ್ಪ ಉಡಿದಾರ.

“ಇದನ್ನ ತೆಗೀಬೇಕು ಅಜ್ಜಿ.”

“ತೆಗೆಯಂಗಿಲ್ಲ ಕಣವ್ವ. ಮಗೀನ ಕಾಯ್ತಿರೋದೇ ಅದು.”

ನಾನು ಮಗುವಿನ ಪಾದ ಚಿವುಟಿದೆ. ಅದು ಕಾಲು ಎಳೆದುಕೊಳ್ಳಲಿಲ್ಲ. ಅಜ್ಜಿ ಮುಖ ತಿರುಗಿಸಿಕೊಂಡು, “ಕತ್ತರಿಸವ್ವ” ಅಂದರು. ದಾರದ ಕೆಳಗೆ, ಬೆನ್ನುಮೂಳೆಯ ಮೇಲೇ, ಸಾಸಿವೆಯಷ್ಟು ಗುಳಿ. ಸುತ್ತ ಕೆಂಪು, ಕೀವು.

“ಅದು ಹುಟ್ಟಿದಾಗಿಂದ ಐತೆ. ಯಾರ ಕಣ್ಣೂ ಬೀಳದಿರ್ಲಿ ಅಂತ ದಾರದಲ್ಲಿ ಮುಚ್ಚಿದ್ದೆ.”

ಸ್ಕ್ಯಾನ್ ಮಾಡಿದರೆ, ಆ ಗುಳಿಯಿಂದ ಕೂದಲೆಳೆಯಷ್ಟು ದಾರಿ ನೇರ ಬೆನ್ನುಹುರಿಗೆ ಹೋಗಿತ್ತು; ಅಲ್ಲಿ ಕೀವು ತುಂಬಿತ್ತು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಅವತ್ತೇ ಆಪರೇಷನ್ ಆಯಿತು. ಮಗು ಈಗ ಗೋಡೆ ಹಿಡಿದು ನಡೆಯುತ್ತೆ.

ರೋಗ ಅಂಟಿದ್ದು ನನಗೆ. ಬಸ್ಸಲ್ಲಿ ಯಾವ ಮಗುವಿನ ಉಡಿದಾರ ಕಂಡರೂ ಕೈ ಸುಮ್ಮನಿರಲ್ಲ, ಮೆಲ್ಲಗೆ ಸರಿಸಿ ನೋಡ್ತೀನಿ. ಮೊನ್ನೆ ಹೆಬ್ಬಾಳದ ಹತ್ತಿರ ಒಬ್ಬ ತಾಯಿ ಬಾಯಿಗೆ ಬಂದಂಗೆ ಬೈದು ಸೀಟು ಬದಲಾಯಿಸಿದಳು. ಅಷ್ಟರಲ್ಲಿ ನಾನು ನೋಡಿಯಾಗಿತ್ತು: ಬೆನ್ನು ನುಣ್ಣಗಿತ್ತು.